ಕೌದಿಯ ಮೂಲೆಯ ಜೋಳ

ಗಾಜಿನ ಪುಟ್ಟ ಶೀಷೆ ಕೈಯಿಂದ ಕೈಗೆ ದಾಟಿ ತನ್ನ ಮೇಜಿಗೆ ಬಂದಾಗ ನಾಗವ್ವ ಭೂತಗನ್ನಡಿಯನ್ನು ಮುಟ್ಟಲೂ ಇಲ್ಲ. ಒಳಗಿದ್ದ ಕಂದು ಹುಳುವನ್ನು ಬರಿಗಣ್ಣಲ್ಲೇ ಗುರುತಿಸಿ, "ಅಯ್ಯ, ನುಶಿ!" ಎಂದಳು. ಪಕ್ಕದಲ್ಲಿದ್ದ ರಂಜನಿ ಮೊಣಕೈಯಿಂದ ಮೆಲ್ಲಗೆ ತಿವಿದಳು. ಸುತ್ತ ಕೂತಿದ್ದ ಇಪ್ಪತ್ತು ಮಂದಿ ಆ ಹುಳುವಿನ ಲ್ಯಾಟಿನ್ ಹೆಸರನ್ನು ಬರೆದುಕೊಳ್ಳುವುದರಲ್ಲಿ ಮುಳುಗಿದ್ದರು. ನಾಗವ್ವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಗದಗಿನ ಮನೆಯಲ್ಲಿ ಮೂವತ್ತು ವರ್ಷ ಜೋಳದ ಚೀಲ ಬಿಚ್ಚಿ, ಕೇರಿ, ಬಿಸಿಲಿಗೆ ಹಾಕಿದವಳಿಗೆ ಈ ಹುಳುವಿನ ಪರಿಚಯವನ್ನು ಇನ್ಯಾರೋ ಮಾಡಿಕೊಡಬೇಕೆ?

ಮೆನ್ಲೋ ಪಾರ್ಕಿನ ಲೈಬ್ರರಿಯೊಂದರ ಹಿಂದಿನ ಹಾಲಿನಲ್ಲಿ ಅಂದು ಸಣ್ಣ ಮ್ಯೂಸಿಯಮ್ಮುಗಳ ಸಿಬ್ಬಂದಿಗೆ ಒಂದು ದಿನದ ತರಬೇತಿ. ಹಳೆಯ ರೈಲ್ವೆ ಸ್ಟೇಷನ್ನು, ಸಮುದ್ರದಂಡೆಯ ದೀಪಸ್ತಂಭ, ಯಾರದೋ ತಾತನ ಕಮ್ಮಾರಸಾಲೆ, ಹೀಗೆ ಎರಡು ಕೋಣೆ ಮತ್ತು ಒಂದು ಸೋರುವ ಮಾಡು ಇರುವ ಜಾಗಗಳನ್ನು ನಡೆಸುವವರು ಬಂದಿದ್ದರು. ಅಂಥ ಕಡೆ ನಿರ್ದೇಶಕರೂ ಅವರೇ, ಕಸ ಗುಡಿಸುವವರೂ ಅವರೇ. ನಾಗವ್ವ ಇಳಕಲ್ ಸೀರೆ ಉಟ್ಟು, ಕೆಳಗೆ ಮೊಮ್ಮಗಳ ಬಿಳಿ ಬೂಟು ಹಾಕಿಕೊಂಡು ಬಂದಿದ್ದಳು. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಚೀಟಿಯಲ್ಲಿ ಅವಳ ಹೆಸರಿನ ಕೆಳಗೆ 'ಕಲೆಕ್ಷನ್ಸ್ ಅಸಿಸ್ಟೆಂಟ್' ಎಂದು ರಂಜನಿ ಅಚ್ಚು ಹಾಕಿಸಿದ್ದಳು. ಆ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಈ ತರಬೇತಿಯ ಸರ್ಟಿಫಿಕೇಟು ಕೈಗೆ ಬಂದ ಮೇಲೆ, ಬರುವ ಮಂಗಳವಾರದ ಬೋರ್ಡ್ ಮೀಟಿಂಗಿನಲ್ಲಿ ಆಗಬೇಕಿತ್ತು. ಸಿಕ್ಕರೆ ಅರವತ್ತೊಂದು ವರ್ಷದ ನಾಗವ್ವನ ಬದುಕಿನಲ್ಲಿ ಅದು ಮೊದಲ ಸಂಬಳದ ಕೆಲಸ.

ಗದಗಿನಿಂದ ಪರದೇಶದ ಮಗಳ ಮನೆ ಸೇರಿದ ಅವಳು ಈ ದಾರಿಗೆ ಬಂದದ್ದೇ ಒಂದು ತಮಾಷೆ. ಮೊಮ್ಮಗಳು ಶಿವಾನಿಗೆ ಹೈಸ್ಕೂಲಿನಲ್ಲಿ ಸಮಾಜಸೇವೆಯ ಗಂಟೆಗಳು ಬೇಕಿದ್ದವು. ಮಾರ್ಗನ್ ಹಿಲ್‌ನಾಚೆ ಹಳೆಯ ಪ್ರೂನ್ ಹಣ್ಣಿನ ತೋಟದಲ್ಲಿ, ತೋಟದ ಕೂಲಿಯವರ ನೆನಪಿಗೆಂದು ಇದ್ದ ಪುಟ್ಟ ಮ್ಯೂಸಿಯಮ್ಮಿಗೆ ಅವಳನ್ನು ಕಳಿಸುವಾಗ ನಾಗವ್ವನ ಮಗಳು ಜೊತೆಗೆ ಅಜ್ಜಿಯನ್ನೂ ಕಳಿಸಿದಳು. ಗಂಟೆ ತುಂಬಿದ ಮರುದಿನವೇ ಶಿವಾನಿ ಆ ಕಡೆ ತಲೆ ಹಾಕುವುದನ್ನು ಬಿಟ್ಟಳು. ಅಜ್ಜಿ ಬಿಡಲಿಲ್ಲ. ಅಲ್ಲಿನ ಮ್ಯಾನೇಜರು ಬೆಂಗಳೂರಿನ ಹುಡುಗಿ ರಂಜನಿ. ಬಸವನಗುಡಿಯವಳಿಗೆ ಗದಗಿನ ಮಾತು ಮೊದಮೊದಲು ಅರ್ಧ ಮಾತ್ರ ಅರ್ಥವಾಗುತ್ತಿತ್ತು, ನಾಗವ್ವನ ಕೆಲಸ ಮಾತ್ರ ಪೂರ್ತಿ ಅರ್ಥವಾಗಿತ್ತು.

ತರಬೇತಿ ಕೊಡುತ್ತಿದ್ದ ಎತ್ತರದ ಹೆಂಗಸು ಶೀಷೆಯನ್ನು ವಾಪಸು ತೆಗೆದುಕೊಂಡು ಹೇಳಿದಳು: ಈ ಹುಳು ನಿಮ್ಮ ಬಟ್ಟೆಗಾಗಿ ಬರುವುದಿಲ್ಲ. ಎಲ್ಲೋ ಬಿದ್ದ ಒಂದು ಕಾಳಿಗೆ, ಬಿಸ್ಕತ್ತಿನ ಪುಡಿಗೆ ಬರುತ್ತದೆ. ಅದು ಮುಗಿದ ಮೇಲೆ ಪಕ್ಕದಲ್ಲಿರುವ ಉಣ್ಣೆ, ಚರ್ಮ, ಪುಸ್ತಕದ ಅಂಟು, ಒಂದನ್ನೂ ಬಿಡುವುದಿಲ್ಲ. ಹಿಂದೊಮ್ಮೆ ಒಂದು ಕೋಟಿನ ಜೇಬಿನಲ್ಲಿದ್ದ ನಾಲ್ಕು ಕಾಳುಗಳಿಂದ ಮೂವತ್ತು ಸಮವಸ್ತ್ರಗಳನ್ನು ಕಸಕ್ಕೆ ಹಾಕಬೇಕಾಯಿತು.

ನಾಗವ್ವನ ಹೆಮ್ಮೆ ಅಲ್ಲಿಗೇ ನಿಂತಿತು.

ಆರು ವಾರದ ಹಿಂದೆ ಮ್ಯೂಸಿಯಮ್ಮಿಗೆ ಒಂದು ಪೆಟ್ಟಿಗೆ ಬಂದಿತ್ತು. ಕೊಟ್ಟವರು ಬೋರ್ಡಿನ ಅಧ್ಯಕ್ಷೆ, ಎಂಬತ್ತೆಂಟು ವರ್ಷದ ಡೊಲೊರೆಸ್ ಮಚಾಡೊ. ನಾಗವ್ವನ ಬಾಯಲ್ಲಿ ಡೊಲೊರೆಸಮ್ಮ. ಅವರ ತಾಯಿ ತೋಟದ ಕೂಲಿಯವರ ಬಿಡಾರದಲ್ಲಿ ಹಿಟ್ಟಿನ ಚೀಲ, ಹರಿದ ಅಂಗಿ, ಲಂಗದ ತುಂಡು ಕೂಡಿಸಿ ಹೊಲಿದ ಹೊದಿಕೆ ಅದರಲ್ಲಿತ್ತು. ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವುದಷ್ಟೇ ನಾಗವ್ವನ ಕೆಲಸ. ಹೊದಿಕೆ ಬಿಡಿಸಿದವಳೇ ಅವಳು ಅಲ್ಲೇ ಕೂತುಬಿಟ್ಟಳು. ಇದು ಕೌದಿ. ಯಾರು ಏನೇ ಅನ್ನಲಿ, ಇದು ಕೌದಿಯೇ. ಒಂದು ಮೂಲೆಯ ಹೊಲಿಗೆ ಬಿಚ್ಚಿ, ಒಳಗಿನ ಚಿಂದಿ ಹೊರಗೆ ಇಣುಕುತ್ತಿತ್ತು. ಕೈಗೆ ಸೂಜಿ ಹೇಗೆ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಬಣ್ಣಕ್ಕೆ ಹೊಂದುವ ದಾರ ಹುಡುಕಿ, ಹಳೆಯ ಹೊಲಿಗೆಯ ಅಂತರ ನೋಡಿಕೊಂಡು, ಸಾಲು ತಪ್ಪದಂತೆ ಹೊಲಿದಳು. ಮೂಲೆ ಮುಚ್ಚುವ ಮುನ್ನ ತನ್ನ ಬುತ್ತಿಯ ಚೀಲದ ತಳದಲ್ಲಿ ಸಿಕ್ಕ ಒಂದಷ್ಟು ಜೋಳದ ಕಾಳು, ಅಲಸಂದಿ ಗಾತ್ರದ ಒಂದು ಬೆಲ್ಲದ ಚೂರು ಒಳಗಿಟ್ಟಳು. ಅವಳ ತವರಲ್ಲಿ ಯಾವ ಕೌದಿಯನ್ನೂ ಅದಿಲ್ಲದೆ ಮುಚ್ಚುತ್ತಿರಲಿಲ್ಲ. ಮುಗಿಸಿ, ಮಡಚಿ, ಉಣ್ಣೆಯ ಕೋಟುಗಳ ಪಕ್ಕದ ಕಪಾಟಿನಲ್ಲಿಟ್ಟು, ಅಂದು ರಾತ್ರಿ ಬಹಳ ಚೆನ್ನಾಗಿ ನಿದ್ದೆ ಮಾಡಿದ್ದಳು.

"ನಿಮ್ಮಲ್ಲಿ ವಸ್ತುಗಳಿಗೆ ಆದ ಅನಾಹುತಗಳನ್ನು ಹೇಳಿ" ಎಂದು ತರಬೇತಿಯ ಹೆಂಗಸು ಕೇಳಿದಾಗ ಹಾಲಿಗೆ ಜೀವ ಬಂತು. ದೀಪಸ್ತಂಭದವನು ತಮ್ಮಲ್ಲಿ ಹಿಂದೆ ಇದ್ದ ವಾಲಂಟಿಯರ್ ಒಬ್ಬ ನಾವಿಕರ ನಕ್ಷೆಗೆ ಟೇಪು ಅಂಟಿಸಿದ ಕಥೆ ಹೇಳಿದ. ರೈಲ್ವೆ ಸ್ಟೇಷನ್ನಿನವಳು ಹಿಂದಿನ ವಾಲಂಟಿಯರು ನೂರು ವರ್ಷದ ಬೆಂಚಿಗೆ ಹೊಳೆಯುವ ಬಣ್ಣ ಬಳಿದದ್ದನ್ನು ಹೇಳಿದಳು. ಕಮ್ಮಾರಸಾಲೆಯವನಲ್ಲೂ ಅದೇ ಹಿಂದಿನ ವಾಲಂಟಿಯರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕೂತವರಲ್ಲಿ ಒಬ್ಬರೂ ತಪ್ಪು ಮಾಡಿದವರಲ್ಲ. ಎಲ್ಲವನ್ನೂ ಕೆಡಿಸಿದ್ದು ಹೆಸರಿಲ್ಲದ, ಊರಿಲ್ಲದ, ಈಗ ಅಲ್ಲಿಲ್ಲದ ಒಬ್ಬ ಹಿಂದಿನ ವಾಲಂಟಿಯರು. ರಂಜನಿಯೂ ನಗುತ್ತಿದ್ದಳು. ನಾಗವ್ವನಿಗೆ ಮಾತ್ರ ಮುಂದೊಂದು ದಿನ ಇಂಥದೇ ಹಾಲಿನಲ್ಲಿ ಇಂಥದೇ ನಗು ಕೇಳಿಸಿತು. ಯಾರೋ ಒಬ್ಬ ಮುದುಕಿಯಂತೆ, ಹೊದಿಕೆಗೆ ಕಾಳು ತುಂಬಿಸಿದ್ದಳಂತೆ.

ಮಧ್ಯಾಹ್ನ ಬುತ್ತಿ ಬಿಚ್ಚಿದವಳು ರೊಟ್ಟಿ ಮುಟ್ಟದೆ ಮತ್ತೆ ಕಟ್ಟಿದಳು. ಸರ್ಟಿಫಿಕೇಟು ಕೊಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅದೂ ಕಿವಿಗೆ ಬೀಳಲಿಲ್ಲ. ಕಾರು ಫ್ರೀವೇ ಹತ್ತಿದ ಮೇಲೆ ಬಾಯಿ ಬಿಟ್ಟಳು.

"ರಂಜನಿ, ನಾ ಒಂದ್ ತಪ್ಪ ಮಾಡೇನಿ. ಡೊಲೊರೆಸಮ್ಮನ ಕೌದಿ ಐತೆಲ್ಲಾ, ಅದರ ಮೂಲಿ ಹೊಲದೇನಿ."

"ಹೊಲಿದ್ರಾ? ಯಾವಾಗ ಆಂಟಿ?" ರಂಜನಿ ಒಮ್ಮೆ ಅವಳ ಕಡೆ ತಿರುಗಿ ನೋಡಿದಳು. "ಸರಿ, ಪರ್ವಾಗಿಲ್ಲ. ಬರೀ ಸ್ಟಿಚ್ಚು ತಾನೆ?"

"ಒಳಗ ಜ್ವಾಳ ಇಟ್ಟೇನಿ. ಬೆಲ್ಲಾನೂ ಇಟ್ಟೇನಿ."

ಪಕ್ಕದಲ್ಲಿ ಒಂದು ಲಾರಿ ದಾಟಿಹೋಯಿತು.

"ಜೋಳ," ಎಂದಳು ರಂಜನಿ. "ಯಾಕೆ ಆಂಟಿ? ಯಾಕೆ?"

"ಕೌದಿ ಹಸದ ಇರಬಾರದವ್ವಾ. ನಮ್ಮವ್ವ ಹಂಗ ಕಲಿಸ್ಯಾಳ. ಹೊದಿಯೋರ ಹೊಟ್ಟಿ ತುಂಬಿರ್ಲಿ ಅಂತ."

"ಅಯ್ಯೋ ದೇವ್ರೇ. ಇದನ್ನ ಇಡೋ ಎಕ್ಸಿಬಿಷನ್ನಿಗೆ ಹದಿನೈದೇ ದಿನ ಇದೆ. ಮಂಗಳವಾರ ಬೋರ್ಡು. ಕೆಲಸಕ್ಕೆ ನಿಮ್ಮ ಹೆಸರು ಹಾಕಿರೋದು ನಾನು!" ರಂಜನಿಯ ದನಿ ಏರಿತು. ಸ್ವಲ್ಪ ದೂರ ಹೋದ ಮೇಲೆ ತಾನೇ ಇಳಿಸಿದಳು. "ನೋಡಿ, ಒಂದು ಕೆಲಸ ಮಾಡೋಣ. ಈಗ್ಲೇ ಹೋಗಿ ಬಿಚ್ಚಿಬಿಡೋಣ. ಮೊದಲು ಹೇಗಿತ್ತೋ ಹಾಗೆ. ಫೋಟೋ ಇದೆ ನನ್ನ ಹತ್ರ. ಯಾರಿಗೂ ಗೊತ್ತಾಗಲ್ಲ."

ಎಷ್ಟು ಸುಲಭವಾಗಿತ್ತು ಅದು. ನಾಗವ್ವನ ಮನಸ್ಸು ಒಂದು ಕ್ಷಣ ಅದರ ಹಿಂದೆ ಹೋಯಿತು ಕೂಡ. ಮಂಗಳವಾರ ಕೆಲಸ ಸಿಗುತ್ತದೆ, ಮಗಳು ನಿವೇದಿತಾ ಎಲ್ಲರಿಗೂ ಫೋನು ಮಾಡಿ ಹೇಳುತ್ತಾಳೆ, ಗದಗಿನಲ್ಲಿರುವ ಅಣ್ಣ ವಿಡಿಯೊದಲ್ಲಿ ನಗುತ್ತಾನೆ.

"ಬ್ಯಾಡ," ಎಂದಳು. "ಆಕಿ ಏನಂದ್ಲು ಕ್ಲಾಸಿನ್ಯಾಗ? ಏನ್ ಮಾಡಿದ್ರೂ ಬರದಿಡಬೇಕು ಅಂದ್ಲಿಲ್ಲೋ? ಬರೀ. ನಾಗವ್ವ ಮಾಡ್ಯಾಳ ಅಂತ ಹೆಸರ ಹಾಕಿ ಬರೀ. ಡೊಲೊರೆಸಮ್ಮಗ ನಾನ ಹೇಳ್ತೇನಿ."

"ಕೆಲಸ ಹೋಗುತ್ತೆ ಆಂಟಿ."

"ಹೋಗ್ಲಿ," ಎಂದಳು ನಾಗವ್ವ. ಹೋಗಲಿ ಅನ್ನುವುದು ಅವಳಿಗೆ ಎಳ್ಳಷ್ಟೂ ಇಷ್ಟವಿರಲಿಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು.

ನಾಲ್ಕು ಗಂಟೆಯ ಬಿಸಿಲಿನಲ್ಲಿ ಮ್ಯೂಸಿಯಮ್ಮಿನ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಇಬ್ಬರೂ ಹೊದಿಕೆಯನ್ನು ಬಿಡಿಸಿದರು. ಮೂಲೆ ಯಾವುದೆಂದು ರಂಜನಿಗೆ ಗುರುತೇ ಸಿಗಲಿಲ್ಲ. ಅಷ್ಟು ಹೊಂದಿಕೊಂಡಿತ್ತು. "ಏನ್ ಕೈ ಆಂಟಿ ನಿಮ್ದು" ಎಂದಳು, ಸಿಟ್ಟಿನಲ್ಲೇ. ನಾಗವ್ವ ತನ್ನ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಚ್ಚಿದಳು. ಇಕ್ಕುಳದಿಂದ ಕಾಳುಗಳನ್ನು ಹೊರಗೆ ತೆಗೆದಾಗ ಅವುಗಳಲ್ಲೊಂದಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಕಾಗದದ ಮೇಲೆ ಚೂರೇ ಚೂರು ಹಿಟ್ಟು ಉದುರಿತು.

ಪಕ್ಕದ ಉಣ್ಣೆಯ ಕೋಟುಗಳಲ್ಲೂ ಹುಡುಕಿದರು, ಏನೂ ಕಾಣಲಿಲ್ಲ. ಹೊದಿಕೆಯೊಳಗೆ ಹುಳು ಎಲ್ಲಿದೆಯೋ ಗೊತ್ತಿಲ್ಲ. ಇನ್ನು ಉಳಿದದ್ದು ಒಂದೇ ದಾರಿ, ಬೆಳಿಗ್ಗೆ ಕಲಿತದ್ದು. ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡು ವಾರ ಫ್ರೀಜರಿನಲ್ಲಿಡಬೇಕು. ಮ್ಯೂಸಿಯಮ್ಮಿನ ಫ್ರಿಜ್ಜಿನಲ್ಲಿ ಕಾಫಿಗೆ ಹಾಕುವ ಹಾಲು ಬಿಟ್ಟರೆ ಇನ್ನೊಂದು ಹಿಡಿಯುತ್ತಿರಲಿಲ್ಲ. ನಾಗವ್ವನ ಮನೆಯ ಗ್ಯಾರೇಜಿನಲ್ಲಿ ಮಾತ್ರ ಆಳುದ್ದದ ಫ್ರೀಜರಿತ್ತು. ಅದರ ತುಂಬ ಹಿತಕಿದ ಅವರೆಕಾಳು, ತುರಿದ ಕಾಯಿ, ಸೀಳಿಟ್ಟ ಬದನೆಕಾಯಿ, ಯುಗಾದಿಯಲ್ಲಿ ಉಳಿದ ಹೋಳಿಗೆಯ ಹೂರಣ. ಅಷ್ಟನ್ನೂ ಹೊರಗೆ ತೆಗೆದು, ಡೊಲೊರೆಸಮ್ಮನ ತಾಯಿಯ ಹೊದಿಕೆಯನ್ನು ಒಳಗೆ ಮಲಗಿಸಿದರು.

ಕರಗತೊಡಗಿದ್ದನ್ನು ಅಡಿಗೆ ಮಾಡದೆ ವಿಧಿಯಿರಲಿಲ್ಲ. ಮರುದಿನ ಶನಿವಾರ ಬೆಳಿಗ್ಗೆ ನಿವೇದಿತಾ ಏಳುವಷ್ಟರಲ್ಲಿ ಒಲೆಯ ನಾಲ್ಕೂ ಬರ್ನರು ಉರಿಯುತ್ತಿದ್ದವು. "ಅವ್ವಾ, ಯಾರ ಬರಾಕತ್ಯಾರ?" ಎಂದು ಮಗಳು ಕೇಳಿದಳು. "ನನ್ನ ಕೆಲಸ ಕಸಗೊಳ್ಳಾಕ ಡೊಲೊರೆಸಮ್ಮ ಬರಾಕತ್ಯಾಳ," ಎಂದಳು ನಾಗವ್ವ. ಬದನೆಕಾಯಿ ಕೈಯಾಡಿಸುತ್ತಲೇ ಇದ್ದಳು.

ಹನ್ನೊಂದೂವರೆಗೆ ಡೊಲೊರೆಸಮ್ಮ ಕೋಲೂರಿಕೊಂಡು ರಂಜನಿಯ ಕಾರಿನಿಂದ ಇಳಿದರು. ಹೊದಿಕೆ ಮ್ಯೂಸಿಯಮ್ಮು ಬಿಟ್ಟು ಹೊರಗೆ ಬಂದಿದೆ ಎಂದಷ್ಟೇ ರಂಜನಿ ಅವರಿಗೆ ಹೇಳಿದ್ದಳು. ಅವರ ಮುಖದಲ್ಲಿ ನಗುವಿರಲಿಲ್ಲ. ನಾಗವ್ವ ಅವರನ್ನು ನೇರ ಗ್ಯಾರೇಜಿಗೆ ಕರೆದೊಯ್ದು ಫ್ರೀಜರಿನ ಮುಚ್ಚಳ ಎತ್ತಿದಳು. ರಾತ್ರಿಯೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಇಂಗ್ಲಿಷು ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು.

"ಮೈ ಮಿಸ್ಟೇಕು," ಎಂದಳು. "ರಂಜನಿ ನೋ ಮಿಸ್ಟೇಕು. ಐ ಸ್ಟಿಚ್. ಐ ಪುಟ್ ಫುಡ್. ಇನ್ ಯುವರ್ ಮದರ್ಸ್ ಕೌದಿ."

ರಂಜನಿ ಉಳಿದದ್ದನ್ನು ಹೇಳಿದಳು. ಮೂಲೆ, ಕಾಳು, ತೂತು, ಹುಳು. ಡೊಲೊರೆಸಮ್ಮ ಮಂಜುಗಟ್ಟಿದ ಪ್ಲಾಸ್ಟಿಕ್ಕಿನೊಳಗಿನ ಬಣ್ಣಗಳನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನಾಗವ್ವನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. ಆಹಾರ ಯಾಕೆ?

"ಕೌದಿ ಶುಡ್ ನಾಟ್ ಬಿ ಹಂಗ್ರಿ," ಎಂದಳು ನಾಗವ್ವ. ಹೇಳುವಾಗ ಅವಳಿಗೇ ನಾಚಿಕೆಯಾಯಿತು.

ಡೊಲೊರೆಸಮ್ಮ ಕೋಲಿನ ಮೇಲೆ ಎರಡೂ ಕೈ ಊರಿದರು. "ಚಳಿಗಾಲದಲ್ಲಿ ತೋಟದಲ್ಲಿ ಕೆಲಸ ಇರುತ್ತಿರಲಿಲ್ಲ," ಎಂದರು ಇಂಗ್ಲಿಷಿನಲ್ಲಿ, ನಿಧಾನವಾಗಿ, ನಾಗವ್ವನಿಗೆ ತಿಳಿಯುವಂತೆ. "ನಾವು ನಾಲ್ಕು ಮಕ್ಕಳು ಇದರ ಕೆಳಗೆ ಮಲಗುತ್ತಿದ್ದೆವು. ಊಟ ಇಲ್ಲದ ದಿನ ಅಮ್ಮ ಬೇಗ ಹೊದಿಸಿಬಿಡುತ್ತಿದ್ದಳು. ನಿದ್ದೆ ಬಂದರೆ ಹಸಿವು ಗೊತ್ತಾಗುವುದಿಲ್ಲ ಎಂದು."

ಡೊಲೊರೆಸಮ್ಮ ತಾವೇ ಫ್ರೀಜರಿನ ಮುಚ್ಚಳ ಮುಚ್ಚಿದರು.

"ಕಾಳುಗಳನ್ನು ವಾಪಸು ಇಡಲು ಬರುವುದಿಲ್ಲ, ಅಲ್ಲವೇ?" ಎಂದು ರಂಜನಿಯನ್ನು ಕೇಳಿದರು.

"ಬರುವುದಿಲ್ಲ."

"ಸರಿ. ಅವನ್ನೂ ಒಂದು ಶೀಷೆಯಲ್ಲಿ ಹಾಕಿ, ನಂಬರು ಕೊಟ್ಟು ಇಡು. ಯಾರು ಇಟ್ಟರು, ಯಾಕೆ ಇಟ್ಟರು ಎಲ್ಲ ಬರೆ. ಈಕೆಯ ಹೆಸರು ಸರಿಯಾಗಿ ಬರೆ." ಆಮೇಲೆ ನಾಗವ್ವನಿಗೆ ಬೆರಳು ತೋರಿಸಿ, "ಇನ್ನು ಮೇಲೆ ಕೇಳದೆ ಸೂಜಿ ಹಿಡಿಯಬೇಡ," ಎಂದರು. ಸಾಕಷ್ಟು ಗಡುಸಾಗಿಯೇ. "ಅಮ್ಮನದು ಇನ್ನೂ ಮೂರು ಪೆಟ್ಟಿಗೆ ಇವೆ. ಬುಧವಾರದಿಂದ ನೀನು ಅವನ್ನು ನೋಡು. ಮಂಗಳವಾರ ಬೋರ್ಡಿನವರ ಹತ್ತಿರ ನಾನು ಮಾತಾಡುತ್ತೇನೆ."

ನಾಗವ್ವನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ ಎಂದು ರಂಜನಿ ಕನ್ನಡದಲ್ಲಿ ಹೇಳಹೊರಟಳು. ನಾಗವ್ವ ಕೈ ಅಡ್ಡ ಹಿಡಿದು ಅವಳನ್ನು ತಡೆದು, ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲ್ಲಾರೂ ಒಳಗ ನಡೀರಿ," ಎಂದಳು, ಡೊಲೊರೆಸಮ್ಮನಿಗೂ ಕನ್ನಡದಲ್ಲೇ.

ಮೇಜಿನ ಮೇಲೆ ಎಣ್ಣೆಗಾಯಿ, ಅವರೆಕಾಳಿನ ಪಲ್ಯ, ಹೋಳಿಗೆ, ಮೊಸರು. ನಾಗವ್ವ ಕೂರಲಿಲ್ಲ. ಒಲೆಯ ಮುಂದೆ ನಿಂತು ರೊಟ್ಟಿ ಬಡಿದು ಬಡಿದು ಬಿಸಿಬಿಸಿಯಾಗಿ ತಟ್ಟೆಗೆ ಹಾಕುತ್ತಿದ್ದಳು. ಡೊಲೊರೆಸಮ್ಮ ಉಂಡರು. ಕೊನೆಯ ತುಣುಕಿನಿಂದ ತಟ್ಟೆಯನ್ನು ಸುತ್ತಲೂ ಒರೆಸಿ, ಅಂಚಿನಲ್ಲಿದ್ದ ಒಂದೇ ಒಂದು ಕಾಳನ್ನೂ ಬೆರಳಿಗೆ ಅಂಟಿಸಿಕೊಂಡು ಬಾಯಿಗೆ ಹಾಕಿಕೊಂಡರು. ನಾಗವ್ವ ಅದನ್ನು ನೋಡಿದಳು. ಸಾಕೇ, ಬೇಕೇ ಎಂದು ಕೇಳಲಿಲ್ಲ. ಹಂಚಿನ ಮೇಲೆ ಉಬ್ಬಿದ್ದ ರೊಟ್ಟಿಯನ್ನು ತಂದು ಖಾಲಿ ತಟ್ಟೆಗೆ ಹಾಕಿದಳು. ಡೊಲೊರೆಸಮ್ಮ ಬೇಡ ಎನ್ನಲಿಲ್ಲ.