ಸಡಿಲ ತೋಳಿನ ಮೇಲೆ

ಏಸಿಯ ಗಾಳಿ ತೋಳಿನ ಒಳಮೈಗೆ ತಾಗುತ್ತಿದೆ, ಬಿಸಿಲನ್ನೇ ಕಾಣದ ಜಾಗ, ಇಷ್ಟು ಜೋತುಬಿದ್ದದ್ದು ಯಾವಾಗ, ಐವತ್ತೆಂಟಾಯಿತಲ್ಲ, ಇರಲಿ, ಇವತ್ತು ಬೇಕಿರುವುದೇ ಜೋತುಬಿದ್ದ ಚರ್ಮ — ಮೇಜಿನಾಚೆ ಪರಿಶೀಲನೆಗೆ ಬಂದ ಮೂವರು ಅವಳ ಬರಿದೋಳನ್ನು ನೋಡಬೇಕೋ ಬೇಡವೋ ತಿಳಿಯದೆ ಚಹಾದ ಲೋಟ ನೋಡುತ್ತಿದ್ದಾರೆ, ಪಕ್ಕದಲ್ಲಿ ಮುಖ್ಯಸ್ಥರು, ಲ್ಯಾಬಿನವರೆಲ್ಲ ಬೆನ್ನ ಹಿಂದೆ ಇಸ್ತ್ರಿಯವರು ಎನ್ನುವ ಮುಖ್ಯಸ್ಥರು, ಬಟ್ಟೆಯಲ್ಲಾಗಲಿ ವರದಿಯಲ್ಲಾಗಲಿ ಒಂದು ಸುಕ್ಕು ಕಂಡರೆ ನಿದ್ದೆ ಬಾರದ ಮನುಷ್ಯ, ನಗುತ್ತಲೇ ಹಲ್ಲು ಕಚ್ಚುತ್ತಿದ್ದಾರೆ, ಮೇಡಂ, ಹಂದಿ ಚರ್ಮ ರೆಡಿ ಇದೆಯಲ್ಲ, ಅದರ ಮೇಲೇ ತೋರಿಸಿ. ರೆಡಿ ಇದೆ, ಹಲಗೆಯ ಮೇಲೆ ಗುಂಡುಸೂಜಿ ಚುಚ್ಚಿ ಬಿಗಿದದ್ದು, ಬೆರಳಲ್ಲಿ ತಟ್ಟಿದರೆ ಡೋಲಿನಂತೆ ಸದ್ದು ಮಾಡೀತು, ಅದರ ಮೇಲೆ ಅವಳ ವಿಭಾಗದ ಪ್ಯಾಚು, ಇನ್ಸುಲಿನ್ ಇಂಜೆಕ್ಷನ್ನಿಗೆ ಬದಲಾಗಿ ಮಾಡಿದ್ದು, ಒತ್ತಿದರೆ ಸಣ್ಣ ಸಣ್ಣ ಸೂಜಿಗಳು ಒಂದೂ ಬಿಡದೆ ಇಳಿಯುತ್ತವೆ, ಕಿತ್ತು ನೀಲಿ ಬಣ್ಣ ಸವರಿ ಒರೆಸಿದರೆ ತೂತು ಬಿದ್ದಲ್ಲೆಲ್ಲ ಚುಕ್ಕಿ, ಸಾಲು ಸಾಲು, ವರ್ಷಗಟ್ಟಲೆ ಆ ಚುಕ್ಕಿ ನೋಡಿ ಹಿಗ್ಗಿದವಳು ಅವಳೇ — ಹೋದ ವಾರ ಅಮ್ಮನ ತೋಳಿಗೆ ಔಷಧವಿಲ್ಲದ ಬರೀ ಪ್ಯಾಚು ಒತ್ತುವವರೆಗೆ. ಅಮ್ಮ, ಸಕ್ಕರೆ ಕಾಯಿಲೆಯ ಅಮ್ಮ, ದಿನಾ ಹೊಟ್ಟೆಗೆ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಚರ್ಮ ಗಂಟುಗಟ್ಟಿದ ಅಮ್ಮ, ನೋವೇ ಆಗ್ಲಿಲ್ಲ ಕಣೇ ಎಂದು ಖುಷಿಪಟ್ಟಳು, ನೋವು ಹೇಗಾದೀತು, ಚುಚ್ಚಿದ್ದರೆ ತಾನೇ, ಬಣ್ಣ ಒರೆಸಿದರೆ ಅಂಚಿನಲ್ಲಿ ಮಾತ್ರ ಚುಕ್ಕಿ, ನಡುವೆ ಖಾಲಿ, ಸಡಿಲ ಚರ್ಮ ಸೂಜಿಯ ಜೊತೆಗೇ ತಗ್ಗಿ ತಪ್ಪಿಸಿಕೊಂಡಿತ್ತು, ನಾಳೆ ಅರ್ಧ ಔಷಧ ಪ್ಯಾಚಿನಲ್ಲೇ ಉಳಿದು, ಅಮ್ಮ ಪೂರ್ತಿ ಹೋಯಿತೆಂದು ನೆಮ್ಮದಿಯಾಗಿ ಮಲಗಿ, ಒಳಗೆ ಸಕ್ಕರೆ ಏರುತ್ತ ಏರುತ್ತ — ಬೇಡ.

ಇಸ್ತ್ರಿಯವರಿಗೆ ಹೇಳಿದ್ದೂ ಆಯಿತು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು, ಮೊದಲು ರೋಗಿಗಳ ಮೇಲಿನ ಪರೀಕ್ಷೆಗೆ ಒಪ್ಪಿಗೆ ಸಿಗಲಿ, ತಿದ್ದೋದೆಲ್ಲ ಆಮೇಲೆ, ಇಲ್ಲದಿದ್ರೆ ನಿಮ್ಮ ವಿಭಾಗಕ್ಕೇ ಬೀಗ. ಹಾಕಲಿ ಬೀಗ. ನೆಲ ಡೊಂಕೇ ಸ್ವಾಮೀ, ವಯಸ್ಸಾದವರ ತೋಳೆಲ್ಲ ಡೊಂಕು ನೆಲವೇ, ಅಲ್ಲಿ ಕುಣಿಯಲು ಬಾರದ ಮೇಲೆ ಗೆಜ್ಜೆ ಕಟ್ಟಿಕೊಂಡು ನಿಲ್ಲುವುದು ಯಾಕೆ. ಹೆದರಿಕೆಯಿದೆ, ಇಲ್ಲವೆಂದರೆ ಸುಳ್ಳು, ಆದರೂ ಪ್ಯಾಚನ್ನು ತನ್ನ ತೋಳಿನ ಮೇಲಿಟ್ಟು ಹೆಬ್ಬೆರಳು ಊರುತ್ತಾಳೆ, ಒತ್ತು, ಇನ್ನೂ ಒತ್ತು, ಸಾಕು, ಕೀಳು — ಪ್ಯಾಚಿನ ಹಿಂದೆಯೇ ಚರ್ಮವೂ ಎದ್ದು ಬಂದು ಮತ್ತೆ ಜೋತುಬೀಳುತ್ತದೆ, ಬಣ್ಣ, ಹತ್ತಿ, ಒರೆಸುತ್ತಾಳೆ, ಲೈಟು ಸರಿಯಿಲ್ಲ ಎನ್ನುತ್ತಿದ್ದಾರೆ ಇಸ್ತ್ರಿಯವರು, ಅವಳು ತೋಳನ್ನು ದೀಪದ ಕೆಳಕ್ಕೇ ಒಯ್ಯುತ್ತಾಳೆ, ಮೂವರೂ ಬಗ್ಗುತ್ತಾರೆ, ಅವರಲ್ಲಿ ಹಿರಿಯಾಕೆ ಕನ್ನಡಕ ಹಣೆಗೇರಿಸಿ, ಅಂದ್ರೆ ಇದು ಕೆಲಸ ಮಾಡಲ್ವಾ ಎನ್ನುತ್ತಾರೆ, ಯಾರಿಗೆ ಬೇಕೋ ಅವರಿಗೆ ಮಾಡಲ್ಲ, ಸದ್ಯಕ್ಕೆ ಮಾಡಲ್ಲ — ಇದು ತನ್ನದೇ ದನಿ, ಎಷ್ಟು ಗಟ್ಟಿಯಾಗಿ ಬಂತು, ಹಿರಿಯಾಕೆ ಬಟ್ಟೆಯ ಮೇಲಿಂದಲೇ ತನ್ನ ತೋಳನ್ನು ಮೆಲ್ಲನೆ ಹಿಂಡಿ ನೋಡಿಕೊಳ್ಳುತ್ತಾರೆ. ಫೈಲು ಮುಚ್ಚಿದ ಸದ್ದು, ಇಸ್ತ್ರಿಯವರದು, ವಿಭಾಗ ಹೋಯಿತೇ, ಹೋದರೆ ಹೋಗಲಿ, ಬೇರೆ ಬಾಗಿಲು ತಟ್ಟಿದರಾಯಿತು, ಚರ್ಮವನ್ನು ಸುತ್ತಲಿಂದ ಹಿಗ್ಗಿಸಿ ಹಿಡಿಯುವ ಉಂಗುರದಂಥದ್ದೇನಾದರೂ, ಮಾಡೋಣ, ಕೈ ಇಳಿಸಿ ಮೇಡಂ ಎನ್ನುತ್ತಿದ್ದಾರೆ ಇಸ್ತ್ರಿಯವರು, ಇಳಿಸುವುದಿಲ್ಲ, ನೋಡಲಿ, ಕಣ್ತುಂಬ ನೋಡಲಿ, ಅಂಚಿನಲ್ಲಿ ಚುಕ್ಕಿ, ನಡುವೆ ಖಾಲಿ, ಇದು ಅವಳ ತೋಳಲ್ಲ, ಅಮ್ಮನದು, ಅಂಚಿನಲ್ಲಿ ಚುಕ್ಕಿ, ನಡುವೆ ಒಂದೂ ಇಲ್ಲ, ನಡುವೆ ಒಂದೂ ಇಲ್ಲ.