ರೊಟ್ಟಿ ಪಾಸು ಮಾಡುವ ಹಲ್ಲು

ಶಹಾಬಾದಿನ ನಮ್ಮ ಓಣಿಯಲ್ಲಿ ಖಡಕ್ ರೊಟ್ಟಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಟ್ಟಿಗೊಂದು ರೊಟ್ಟಿ ಕಡಿದು, ಗರಿಗರಿಯಾಗಿ ಒಣಗಿದೆಯೇ ಎಂದು ನೋಡಿ ಪಾಸು ಮಾಡುವವರು ನಮ್ಮ ಅತ್ತೆ ಅಂಬುಬಾಯಿ ಒಬ್ಬರೇ. ಬಡಿಯುವುದು, ಬೇಯಿಸುವುದು, ಒಲೆಯ ಸುತ್ತ ನಿಲ್ಲಿಸಿ ಒಣಗಿಸುವುದು ಎಲ್ಲ ನಾನೂ ಮಾಡುತ್ತೇನೆ. ಕಡಿಯುವ ಅಧಿಕಾರ ಮಾತ್ರ ಹನ್ನೆರಡು ವರ್ಷದಿಂದ ನನಗಿಲ್ಲ.

“ನಿನ್ನ ಬಾಯಿಗಿ ಏನ್ ತಿಳೀತದ ಸರಿತಾ?” ಎನ್ನುತ್ತಾರೆ. ನನಗೂ ಮೂವತ್ತೆರಡು ಹಲ್ಲಿವೆ ಎಂದು ನಾಲಿಗೆಯ ತುದಿಗೆ ಬರುತ್ತದೆ. ಮುಂದಿನ ರೊಟ್ಟಿ ಬಡಿಯುತ್ತೇನೆ.

ಈ ದೀಪಾವಳಿಯ ಹೊತ್ತಿಗೆ ಅತ್ತೆಯ ದವಡೆ ಕಿವಿಯ ಹತ್ತಿರ ಟಕ್ ಟಕ್ ಎನ್ನತೊಡಗಿತು. ಆಕಳಿಸಿದರೆ ಜೀವ ಹೋಗುವಷ್ಟು ನೋವು. ಯಾರೋ ಒಬ್ಬ ಹಲ್ಲಿನವನು, ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂಡುತ್ತಿಲ್ಲ, ನಾಲ್ಕು ಹಲ್ಲು ಅರೆದು ಗಿಡ್ಡ ಮಾಡಬೇಕು ಎಂದುಬಿಟ್ಟ. ಅತ್ತೆ ಹೆದರಿ ಎರಡು ದಿನ ನನ್ನನ್ನು ಬೈಯಲೇ ಇಲ್ಲ. ಮನೆ ಬಿಕೋ ಎನ್ನುತ್ತಿತ್ತು.

ಸೇಡಂಗೆ ಕರೆದುಕೊಂಡು ಹೋದೆ. ಅಲ್ಲಿಯ ದಂತವೈದ್ಯೆ ಮೈತ್ರಿ ಹಲ್ಲು ಅರೆಯುವ ಮಾತನ್ನೆಲ್ಲ ಕೇಳಿ, ಅತ್ತೆಯ ಕಿವಿಯ ಮುಂದೆ ಬೆರಳಿಟ್ಟು, ಬಾಯಿ ತೆರೆಸಿ ಮುಚ್ಚಿಸಿ ನೋಡಿದರು.

“ಹಲ್ಲು ಯಾವಾಗಿಂದ ಹಿಂಗ ಅವ್ರಿ?”

“ಹುಟ್ಟಿದಾಗಿಂದ,” ಎಂದರು ಅತ್ತೆ.

“ನೋವು?”

“ಎರಡು ತಿಂಗಳಾತು.”

“ಮತ್ತ ತಪ್ಪು ಹಲ್ಲಿಂದು ಹ್ಯಾಂಗ ಆತದ? ಇಷ್ಟು ಹೆಚ್ಚುಕಮ್ಮಿ ಭಾಳ ಮಂದಿಗಿ ಇರ್ತದ, ಅವ್ರಿಗೇನೂ ನೋಯಂಗಿಲ್ಲ. ಅರದ ಹಲ್ಲು ಮತ್ತ ಬೆಳ್ಯಂಗಿಲ್ರಿ. ದವಡಿ ಕೀಲಿಗಿ ಆರಾಮ ಕೊಡ್ರಿ. ಮೆತ್ತಗಿಂದು ಉಣ್ರಿ, ಬಿಸಿ ಕಾವು ಕೊಡ್ರಿ, ಹಲ್ಲು ಕಚ್ಚಿ ಹಿಡೀಬ್ಯಾಡ್ರಿ. ಆರು ವಾರ ಖಡಕ್ ರೊಟ್ಟಿ ಕಡ್ಯೋದು ಬಂದ್.”

ಅತ್ತೆಯ ಮುಖ ನೋಡಬೇಕಿತ್ತು. ಹಲ್ಲು ಉಳಿಯಿತು, ಕುರ್ಚಿ ಹೋಯಿತು.

ಮರುದಿನ ಕಾಳಗಿಯ ಮದುವೆಮನೆಗೆ ಐದುನೂರು ರೊಟ್ಟಿ ಹೋಗಬೇಕಿತ್ತು. ಅತ್ತೆ ಮೊದಲ ಕಟ್ಟನ್ನು ನನ್ನ ಮುಂದೆ ತಳ್ಳಿದರು.

“ಇವು ನಾ ಮಾಡಿದ್ವು. ಸುಮ್ನ ಹೆಸರಿಗಿ ಕಡಿ.”

ಕಡಿದೆ. ರೊಟ್ಟಿ ಮುರಿಯದೆ ಬಾಗಿತು. ಸುಳ್ಳು ಹೇಳಿದ್ದರೆ ಮನೆ ತಣ್ಣಗಿರುತ್ತಿತ್ತು. ಆದರೆ ಮದುವೆಮನೆಯಲ್ಲಿ ಮಾನ ಹೋಗುವುದು ಇಬ್ಬರದೂ. ಹನ್ನೆರಡು ವರ್ಷದ ಹೊಟ್ಟೆಯುರಿಯೂ ಅದೇ ಮಾತಿಗೆ ದನಿಗೂಡಿಸಿತು.

“ಮೆತ್ತಗ ಅವ ಅತ್ತಿ. ನಡ್ಯಂಗಿಲ್ಲ.”

ಅತ್ತೆ ತಾವೇ ಒಂದು ಚೂರು ಹರಿದು ಬಾಯಿಗೆ ಒಯ್ದರು. ಕೈ ಅರ್ಧಕ್ಕೇ ನಿಂತಿತು. ನನಗೆ ಅಯ್ಯೋ ಅನಿಸಿತು. ಸುಳ್ಳೇಕೆ, ಖುಷಿಯೂ ಆಯಿತು. ಅವರು ಕಟ್ಟು ಬಿಚ್ಚಿ ಒಂದೊಂದೇ ರೊಟ್ಟಿಯನ್ನು ಮತ್ತೆ ಹಂಚಿಗೆ ಹಾಕಿದರು. ಒಣಗಿದ ಮೇಲೆ ಒಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನೆದುರು ನಿಂತರು.

“ಈಗರೆ ನೋಡವ್ವಾ,” ಎಂದರು.