ಹನ್ನೊಂದು ಮನೆಗಳ ಜಾಗ

ಕೊಡಗು ತನ್ನದೇ ಒಂದು ಪುಟ್ಟ ರಾಜ್ಯವಾದ ವರ್ಷ ಹೊಸಕೊಪ್ಪಲಿನವರು ಮಡಿಕೇರಿಗೆ ಹೋಗಿ ಫುಟ್‌ಬಾಲ್ ಕಪ್ ಗೆದ್ದು ತಂದರು. ಅಬ್ಬಬ್ಬಾ, ಆ ದಿನದ ಗದ್ದಲವನ್ನು ಏನೆಂದು ಹೇಳುವುದು! ಫ್ರೇಜರ್‌ಪೇಟೆಯಿಂದ ಊರಿನವರೆಗೂ ತಮಟೆ, ಶಿಳ್ಳೆ. ದೇವರಾಜುವನ್ನು ಹೆಗಲ ಮೇಲೆ ಹೊತ್ತವರು ಕುಣಿಯುವ ಭರದಲ್ಲಿ ಅವನ ಮನೆಯನ್ನೂ ದಾಟಿಹೋಗಿ, ಹೆಂಡತಿ ಚಲುವಮ್ಮ ಓಡಿಬಂದು ಬೈದು ಇಳಿಸಿಕೊಳ್ಳಬೇಕಾಯಿತು. ತಂಡದ ಕ್ಯಾಪ್ಟನ್ನೂ ಅವನೇ, ಕಪ್ ತಂದುಕೊಟ್ಟ ಗೋಲು ಹೊಡೆದವನೂ ಅವನೇ.

ಎಡವಟ್ಟಾದದ್ದು ಮಾರನೆಯ ದಿನ. ಹೊಸಕೊಪ್ಪಲಿನವರು ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದು ಕಾವೇರಿ ದಂಡೆಯಲ್ಲಿ ನೆಲೆನಿಂತ ಒಕ್ಕಲಿನವರು. ಅವರಲ್ಲಿ ಎಲ್ಲಕ್ಕೂ ಮನೆಯೇ ಲೆಕ್ಕ. ಗದ್ದೆಗೆ ನೀರು ಹಾಯಿಸುವ ಸರದಿ ಮನೆಗೆ, ಮಾರಿಗುಡಿಯ ವೀಳ್ಯ ಮನೆಗೆ, ಕಣದಲ್ಲಿ ಬಣವೆ ಒಟ್ಟುವ ಜಾಗವೂ ಮನೆಗೆ. ಒಮ್ಮೆ ಗೊತ್ತಾಯಿತೆಂದರೆ ಮುಗಿಯಿತು, ಮಕ್ಕಳು ಮೊಮ್ಮಕ್ಕಳವರೆಗೂ ಅದು ಅಲುಗಾಡದು. ಆ ರೂಢಿಯಲ್ಲೇ ಊರ ಪಟೇಲ ಕೆಂಪಣ್ಣ ಗೆದ್ದ ಹನ್ನೊಂದು ಮಂದಿಗೂ ವೀಳ್ಯ ಕೊಟ್ಟು, ಮೀಸೆ ತೀಡಿ, “ಬಾಲಾಟದ ಹನ್ನೊಂದು ಜಾಗನೂ ಇನ್ಮೇಲೆ ಈ ಹನ್ನೊಂದು ಮನೇವು ಕಣ್ರಪ್ಪ. ಬ್ಯಾರೆ ಯಾರೂ ಕೇಳಂಗಿಲ್ಲ” ಎಂದುಬಿಟ್ಟರು. ಊರೆಲ್ಲ ಚಪ್ಪಾಳೆ ತಟ್ಟಿತು. ದೇವರಾಜು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಮುಂದಿನ ವರ್ಷ ಎಡಬದಿಯಲ್ಲಿ ಓಡುವವನ ಮಂಡಿ ಕೈಕೊಟ್ಟಿತು. ಜಾಗ ಆ ಮನೆಯದಲ್ಲವೇ? ಅಳಿಯ ಬಂದ. ಬಾಲು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವಷ್ಟು ಮರ್ಯಾದಸ್ಥ. ಹನ್ನೊಂದರಲ್ಲಿ ಇನ್ನೊಬ್ಬ, ಹುಚ್ಚಮ್ಮನ ಗಂಡ, ದುಬಾರೆಯ ಆನೆ ಕ್ಯಾಂಪಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋದ. ಬೇರೆ ಯಾರನ್ನಾದರೂ ಹಾಕಿಕೊಳ್ಳುತ್ತೇವೆ ಎಂದು ಕೇಳಲು ಹೋದರೆ ಹುಚ್ಚಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. “ಜಾಗ ನಮ್ಮನೇದು. ಖಾಲಿ ಬಿದ್ದಿದ್ರೆ ಬಿದ್ದಿರ್ಲಿ, ನಿಮಗೇನು ನೋವು?” ಆ ವರ್ಷವೆಲ್ಲ ಹೊಸಕೊಪ್ಪಲಿನವರು ಹತ್ತೇ ಜನ ಆಡಿದರು. ಆಮೇಲೆ ಅರಕಲಗೂಡಿನಿಂದ ಅವಳ ತಮ್ಮ ಬಂದ. ಪುಣ್ಯಾತ್ಮ ಹುಟ್ಟಿದಾಗಿನಿಂದ ಬಾಲನ್ನೇ ಕಂಡಿರಲಿಲ್ಲ. ಇನ್ನು ಗೋಲು ಕಾಯುವ ಸಣ್ಣಸ್ವಾಮಿಗೆ ಕಣ್ಣು ಮಂಜಾಗಿ, ಬಾಲು ಬಲೆಯೊಳಗೆ ಬಿದ್ದ ಮೇಲೆ “ಬಂತಾ?” ಎಂದು ಕೇಳುವಂತಾಗಿತ್ತು.

ಸೋಲು ಮನೆಯ ನೆಂಟನಾಯಿತು. ಪೊನ್ನಂಪೇಟೆಯವರ ಕೈಲಿ ಸೋತರು, ಕುಟ್ಟದ ಎಸ್ಟೇಟ್ ಟೀಮಿನ ಕೈಲಿ ಸೋತರು. ಊರಿಗೆ ಬಂದು ಕಾರಣ ಹುಡುಕಿದರು. ಬಾಲಿಗೆ ಗಾಳಿ ಹೆಚ್ಚಾಯಿತು, ರೆಫರಿಯ ಹೆಂಡತಿ ಪೊನ್ನಂಪೇಟೆಯವಳು, ಆಟಕ್ಕೆ ಮುಂಚೆ ಮುದ್ದೆ ಬಿಟ್ಟು ಇಡ್ಲಿ ತಿಂದದ್ದೇ ತಪ್ಪು. ಗೋಲ್ ಕಂಬ ತೆಂಕಣ ದಿಕ್ಕಿಗೆ ಮುಖ ಮಾಡಿದ್ದರಿಂದ ದೋಷವೆಂದು ಯಾರೋ ಎತ್ತಿದಾಗ, ಊರ ಶಾಲೆಯ ಮೇಷ್ಟ್ರು ವೆಂಕಟಕೃಷ್ಣನನ್ನು ಕರೆಸಿದರು. ಅವನು ಮಡಿಕೇರಿಯ ಅರ್ಚಕರ ಮನೆಯ ಹುಡುಗ, ದೋಷಗೀಷ ತಿಳಿದಿರಬೇಕಲ್ಲ.

ಮೇಷ್ಟ್ರು ತಲೆ ಕೆರೆದುಕೊಂಡ. “ಅರ್ಧ ಆಟ ಆದಮೇಲೆ ಎರಡು ಕಡೆಯವರೂ ಗೋಲು ಬದಲಾಯಿಸ್ತಾರಲ್ಲ ಮಾರಾಯ್ರೆ. ಹಾಗಾದರೆ ದೋಷ ಅವರಿಗೂ ತಗಲಬೇಕಿತ್ತಲ್ವಾ?”

ಅವನನ್ನು ಅಲ್ಲಿಂದಲೇ ಕಳಿಸಿಕೊಟ್ಟರು. ಈ ವೆಂಕಟಕೃಷ್ಣ ಮಂಗಳೂರಿನಲ್ಲಿ ಓದುವಾಗ ಕಾಲೇಜು ಟೀಮಿನಲ್ಲಿ ಆಡಿದವನೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಆಡಿಸುವುದು ಹೇಗೆ? ಅವನು ಇದ್ದದ್ದು ಬಾಡಿಗೆ ಮನೆಯಲ್ಲಿ. ಅವನಿಗೆಲ್ಲಿಯ ಜಾಗ!

ಹೀಗೇ ವರ್ಷಗಳು ಉರುಳಿ, ಕೊಡಗು ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿದ್ದ ಕಾಲ ಬಂತು. ಮಡಿಕೇರಿಯಲ್ಲಿ ಕಪ್ ನಡೆಸುತ್ತಿದ್ದ ಬೋಜಪ್ಪ ಒಂದು ದಿನ ದೇವರಾಜುವಿನ ಮನೆಗೆ ಬಂದ. ಒಳ್ಳೆಯ ಮನುಷ್ಯ, ಹೇಳಲಾರದೆ ಹೇಳಿದ. “ದೇವರಾಜಣ್ಣ, ಬೇಜಾರು ಮಾಡ್ಕೋಬೇಡಿ. ಈ ಸಲಾನೂ ಮೊದಲ ಆಟದಲ್ಲೇ ಹೋದ್ರೆ ಬರೋ ವರ್ಷದಿಂದ ನಿಮ್ಮೂರನ್ನ ಕರೆಯೋದು ಬೇಡ ಅಂತ ಕಮಿಟಿಯವರು ಮಾತಾಡ್ತಾ ಇದ್ದಾರೆ. ನಿಮ್ಮ ಆಟ ಬಂದ್ರೆ ಜನ ಕಾಫಿ ಕುಡಿಯೋಕೆ ಎದ್ದು ಹೋಗ್ತಾರೆ.”

ಕಪ್ ತಂದ ಊರನ್ನು ಕರೆಯದೆ ಇರುವುದೇ? ಬೋಜಪ್ಪ ಹೋದದ್ದೇ ತಡ, ದೇವರಾಜು ಹೆಂಡತಿಯ ಮುಂದೆ ಹಾರಾಡಿದ. “ಆ ಸಣ್ಣಸ್ವಾಮಿನ ಮೊದ್ಲು ತೆಗೀಬೇಕು. ಹುಚ್ಚಮ್ಮನ ತಮ್ಮನ್ನ ಬಸ್ ಹತ್ತಿಸ್ಬೇಕು. ಆ ಅಳೀಮಯ್ಯಂಗೆ ಓಡಕ್ ಬರಲ್ಲ, ನಗಕ್ ಮಾತ್ರ ಬರ್ತದೆ!”

ಚಲುವಮ್ಮ ಹುರುಳಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. “ಬ್ಯಾರೇರ ಮನೆ ಜಾಗ ಕಿತ್ಕೊಳಕೆ ನೀವ್ಯಾರು? ಅಷ್ಟು ಉರಿ ಇದ್ರೆ ನಿಮ್ದು ಬಿಟ್ಕೊಡಿ. ಅದನ್ನ ಯಾರೂ ತಡಿಯಂಗಿಲ್ಲ.”

“ನಂದಾ? ನಾನು ಗೋಲು ಹೊಡೆದೋನು ಕಣೇ!”

“ಯಾವಾಗ?” ಎಂದಳು ಚಲುವಮ್ಮ.

ದೇವರಾಜು ಅವತ್ತು ಉಣ್ಣಲೇ ಇಲ್ಲ. ಸಾಯಂಕಾಲ ಮುಖ ಊದಿಸಿಕೊಂಡು ಆಟದ ಬಯಲಿಗೆ ಹೋದ. ಅಲ್ಲಿ ಮೇಷ್ಟ್ರು ಒಬ್ಬನೇ ಪಂಚೆ ಎತ್ತಿಕಟ್ಟಿ ಬಾಲು ಒದೆಯುತ್ತಿದ್ದ. “ಬನ್ನಿ ಮೇಷ್ಟ್ರೇ, ನನ್ನ ದಾಟಿ ಹೋಗಿ ನೋಡಾಣ” ಎಂದು ಅಡ್ಡ ನಿಂತ. ಮೇಷ್ಟ್ರು ಸಂಕೋಚದಿಂದಲೇ ಹೊರಟ. ದೇವರಾಜು ತಿರುಗುವುದರೊಳಗೆ ಬಾಲೂ ಇಲ್ಲ, ಮೇಷ್ಟ್ರೂ ಇಲ್ಲ. “ಇನ್ನೊಂದ್ಸಲ” ಎಂದ. ಈ ಸಲ ಮುಗ್ಗರಿಸಿ ಕೂತೇಬಿಟ್ಟ. ಕೂತವನಿಗೆ ಏದುಸಿರಿನ ಮಧ್ಯೆ ನಗು ಬಂತು, ನಗುವಿನ ಬೆನ್ನಿಗೆ ಕಣ್ಣೀರೂ ಬಂತು. ಊರೆಲ್ಲ ಹುಡುಕುತ್ತಿದ್ದ ದೋಷದಲ್ಲಿ ದೊಡ್ಡ ಪಾಲು ತನ್ನದೇ ಸೆಂಟರ್ ಫಾರ್ವರ್ಡಿನ ಜಾಗದಲ್ಲಿ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು.

“ಪೆಟ್ಟಾಯ್ತಾ ದೇವರಾಜಣ್ಣ?” ಎಂದು ಮೇಷ್ಟ್ರು ಗಾಬರಿಯಿಂದ ಕೈ ಕೊಟ್ಟ.

“ಆಯ್ತು ಮೇಷ್ಟ್ರೇ. ಆಗ್ಬೇಕಿತ್ತು.”

ಮಾರನೆಯ ದಿನ ಪಂಚಾಯಿತಿ ಕಟ್ಟೆಯ ಮೇಲೆ ದೇವರಾಜು ತನ್ನ ಜಾಗದಲ್ಲಿ ಮೇಷ್ಟ್ರು ಆಡಲಿ ಎಂದಾಗ ಪಟೇಲ ಕೆಂಪಣ್ಣ ಎಗರಿಬಿದ್ದರು. “ಏನ್ಲಾ ಇದು! ಮನೆ ಜಾಗನ ಬಾಡಿಗೇರಿಗೆ ಕೊಡದಾ? ನಾಳಿಕ್ಕೆ ಊರು ಉಳೀತದಾ?”

“ನನ್ನ ಗದ್ದೆನ ನಾನು ಗುತ್ತಿಗೆಗೆ ಕೊಟ್ರೆ ಕೇಳ್ತೀರಾ ಪಟೇಲ್ರೇ? ಜಾಗ ನನ್ನ ಮನೇದೇ. ಉಳೋರು ಮಾತ್ರ ಮೇಷ್ಟ್ರು.”

ಪಟೇಲರು ಮೀಸೆ ತೀಡಿ, “ಗುತ್ತಿಗೆಗಾದ್ರೆ ಆಗ್ಲಿ ಬಿಡು” ಎಂದರು. ಹುಚ್ಚಮ್ಮ ಮಾತ್ರ ಹಿಂದಿನಿಂದ, “ಗುತ್ತಿಗೆಗೆ ಕೊಡಬೋದು ಅಂತ ಮೊದ್ಲೇ ಹೇಳಕ್ಕೇನಾಗಿತ್ತು ನಿಮಗೆ!” ಎಂದು ಗದರಿದಳು.

ಆಟದ ದಿನ ಎಲ್ಲರೂ ಲಾರಿ ಹತ್ತಿ ಮಡಿಕೇರಿಗೆ ಹೋದರು. ಎದುರಿಗೆ ಪೊನ್ನಂಪೇಟೆಯವರು. ದೇವರಾಜು ಗೆರೆಯ ಆಚೆ ಹುಲ್ಲಿನ ಮೇಲೆ ಕೂತ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಹೊರಗೆ ಕೂತದ್ದು. ಅಯ್ಯೋ, ಆ ಸಂಕಟ ಯಾರಿಗೆ ಹೇಳುವುದು? ಬಾಲು ಎಲ್ಲಿ ಹೋದರೂ ಅವನ ಕಾಲು ಇಲ್ಲಿ ಅದುರುತ್ತಿತ್ತು, ಪಕ್ಕದಲ್ಲಿ ಕೂತವರು ಒದೆಸಿಕೊಂಡು ದೂರ ಸರಿದರು. ನಿಜ ಹೇಳಬೇಕೆಂದರೆ, ಮೇಷ್ಟ್ರು ಎಡವಿ ಬೀಳಲಿ, ಆಗ ಎಲ್ಲರೂ ತನ್ನ ಕಡೆ ತಿರುಗಿ ನೋಡಲಿ ಎಂದೂ ಅವನ ಮನಸ್ಸು ಒಂದು ಗಳಿಗೆ ಬಯಸಿತು. ತಕ್ಷಣ ಕೆನ್ನೆ ಬಡಿದುಕೊಂಡು ಕಾವೇರಮ್ಮನಿಗೆ ತಪ್ಪೊಪ್ಪಿಸಿಕೊಂಡ.

ಗೋಲು ಬಂದದ್ದು ಆಟ ಇನ್ನೇನು ಮುಗಿಯಿತು ಎನ್ನುವಾಗ. ಬಾಲಿಗೆ ಹೆದರಿ ಕಾಲು ಎತ್ತಿದ ಹುಚ್ಚಮ್ಮನ ತಮ್ಮನ ಪಾದಕ್ಕೆ ತಗಲಿ ಅದು ನೆಟ್ಟಗೆ ಮೇಷ್ಟ್ರ ಮುಂದೆ ಬಂತು. ಮೇಷ್ಟ್ರು ಒಬ್ಬನನ್ನು ಎಡಕ್ಕೆ ಬಿಟ್ಟ, ಇನ್ನೊಬ್ಬನನ್ನು ಬಲಕ್ಕೆ ಬಿಟ್ಟ, ಒದ್ದ. ಬಲೆ ಉಬ್ಬಿತು. ಆಮೇಲೆ ಏನಾಯಿತೋ ದೇವರಾಜುವಿಗೆ ಗೊತ್ತಿಲ್ಲ. ಅರಿವು ಬಂದಾಗ ಬಯಲಿನ ನಡುವೆ ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದ. ರೆಫರಿ ಸೀಟಿ ಊದಿ ಊದಿ, ಕೊನೆಗೆ ತೋಳು ಹಿಡಿದು ಹೊರಗೆ ದಬ್ಬಿದ. ಸುತ್ತಲಿನ ಜನವೆಲ್ಲ “ಮೇಷ್ಟ್ರು! ಮೇಷ್ಟ್ರು!” ಎಂದು ಕೂಗುತ್ತಿತ್ತು. ದೇವರಾಜು ಎಂದು ಒಬ್ಬರೂ ಕೂಗಲಿಲ್ಲ. ಅದು ಚುಚ್ಚಿತು, ಸುಳ್ಳೇಕೆ ಹೇಳಬೇಕು. ಆದರೂ ಅವನ ಗಂಟಲು ಆ ಕೂಗಿನ ಜೊತೆಗೇ ಸೇರಿಕೊಂಡು ಒಡೆದುಹೋಗಿತ್ತು.

ಒಂದು ಗೋಲಿನಲ್ಲಿ ಗೆದ್ದರು. ಬೋಜಪ್ಪ ಬಂದು ಕೈ ಹಿಡಿದುಕೊಂಡು, “ಇವತ್ತು ಯಾರೂ ಕಾಫಿಗೆ ಎದ್ದು ಹೋಗ್ಲಿಲ್ಲ ದೇವರಾಜಣ್ಣ” ಎಂದ.

ವಾಪಸು ಬರುವಾಗ ಲಾರಿಯಲ್ಲಿ ಹಾಡೋ ಹಾಡು. ಸಣ್ಣಸ್ವಾಮಿ ಮಾತ್ರ ಹಾಡದೆ, ಜನರ ನಡುವೆ ತಡಕಾಡಿಕೊಂಡು ಬಂದು ದೇವರಾಜುವಿನ ಪಕ್ಕ ಕುಕ್ಕರಿಸಿದ. ಯಾರಿಗೂ ಕೇಳದ ಹಾಗೆ ಕಿವಿಯ ಹತ್ತಿರ ಬಾಗಿದ.

“ದೇವರಾಜಣ್ಣ, ಮುಂದಿನ ಆಟಕ್ಕೆ ಆ ಗೆರೆ ಆಚೆ ಹುಲ್ಲಿನ ಮ್ಯಾಲೆ ನಿನ್ನ ಪಕ್ಕ ಇನ್ನೊಬ್ರು ಕೂರಷ್ಟು ಜಾಗ ಐತಾ?”

ದೇವರಾಜು ಅವನ ಹೆಗಲ ಮೇಲೆ ಕೈ ಹಾಕಿ ಹತ್ತಿರಕ್ಕೆ ಎಳೆದುಕೊಂಡ.

“ಬಾರ್ಲಾ, ಬೇಕಾದಷ್ಟೈತೆ. ಅದೊಂದು ಜಾಗನ ಮಾತ್ರ ಯಾರ ಮನೆಗೂ ಬರ್ಕೊಡದು ಬ್ಯಾಡ.”